ಕಲ್ಕತ್ತಾದ ಆಟ, ವಿಯೆನ್ನಾದ ಹೆಸರು

1855ರ ಮೇ ತಿಂಗಳು. ಕಲ್ಕತ್ತಾದಲ್ಲಿ ಇಬ್ಬರು ಚದುರಂಗದ ಮಣೆಯ ಎದುರು ಕುಳಿತಿದ್ದರು. ಬಿಳಿ ಕಾಯಿಗಳ ಹಿಂದೆ ಜಾನ್ ಕಾಕ್ರೇನ್, ಸ್ಕಾಟ್ಲೆಂಡಿನ ಬ್ಯಾರಿಸ್ಟರ್. ಆಗ ಅವರಿಗೆ ಐವತ್ತೇಳರ ಹತ್ತಿರದ ವಯಸ್ಸು. ಕಪ್ಪು ಕಾಯಿಗಳ ಹಿಂದೆ ಬಂಗಾಳದ ಒಳನಾಡಿನಿಂದ ಬಂದ ಬ್ರಾಹ್ಮಣ ಮಹೇಶಚಂದ್ರ ಬ್ಯಾನರ್ಜಿ. ಇವರಿಬ್ಬರೂ ಅದಾಗಲೇ ಏಳೆಂಟು ವರ್ಷಗಳಿಂದ ಎದುರುಬದುರು ಕುಳಿತು ಆಡುತ್ತ ಬಂದವರು. ಅಂದಿನ ಆಟ ಬೇಗ ಮುಗಿಯಿತು. ಹದಿನೆಂಟು ನಡೆಗಳಾಗುವಷ್ಟರಲ್ಲಿ ಮಹೇಶಚಂದ್ರರ ರಾಜನಿಗೆ ದಾರಿ ಇರಲಿಲ್ಲ.

ಸೋತ ಆಟಗಳನ್ನು ಯಾರೂ ಹೆಚ್ಚು ಕಾಲ ನೆನಪಿಡುವುದಿಲ್ಲ. ಈ ಆಟ ಮಾತ್ರ ಉಳಿಯಿತು. ಅದಕ್ಕೆ ಕಾರಣ ಗೆದ್ದವರ ನಡೆಯಲ್ಲ, ಸೋತವರ ಮೂರನೆಯ ನಡೆ. ಇಂದು ಜಗತ್ತಿನ ಅಗ್ರ ಆಟಗಾರರು ಅತ್ಯಂತ ಹರಿತವಾದ ರಕ್ಷಣೆಗಳಲ್ಲಿ ಒಂದೆಂದು ನಂಬುವ ‘ಗ್ರೂನ್‌ಫೆಲ್ಡ್ ಡಿಫೆನ್ಸ್’ ದಾಖಲೆಗೆ ಸಿಕ್ಕ ಮೊದಲ ಆಟ ಇದೇ. ದೆಹಲಿಯ ಲಕ್ಷ್ಮೀ ನಗರದ ಕೋಚಿಂಗ್ ಬೀದಿಯಲ್ಲೋ ಬೆಂಗಳೂರಿನ ಜಯನಗರದಲ್ಲೋ ಒಬ್ಬ ಹುಡುಗ ಫೋನಿನಲ್ಲಿ ಈ ಮೂರು ನಡೆಗಳನ್ನು ಆಡಿದರೆ ಪರದೆಯ ಮೇಲೆ ಮೂಡುವ ಹೆಸರು ವಿಯೆನ್ನಾದ ಒಬ್ಬ ಆಟಗಾರನದು. ಆ ಆಟಗಾರ ಹುಟ್ಟುವ ಸುಮಾರು ನಾಲ್ಕು ದಶಕ ಮೊದಲೇ ಅದೇ ನಡೆಗಳನ್ನು ಕಲ್ಕತ್ತಾದಲ್ಲಿ ಆಡಿದವರ ಹೆಸರು ಪರದೆಯ ಮೇಲೆ ಬರುವುದಿಲ್ಲ.

ಒಳನಾಡಿನಿಂದ ಬಂದ ಆಟಗಾರ

ಕಾಕ್ರೇನ್ ಹುಟ್ಟಿದ್ದು 1798ರಲ್ಲಿ. 1822ರಲ್ಲಿ ಲಂಡನ್ನಿನಲ್ಲಿ ಚದುರಂಗದ ಬಗ್ಗೆ ಪುಸ್ತಕ ಪ್ರಕಟಿಸಿ ಹೆಸರು ಮಾಡಿದರು. ಸ್ವಲ್ಪ ಕಾಲದಲ್ಲೇ ವಕೀಲಿ ವೃತ್ತಿಗಾಗಿ ಕಲ್ಕತ್ತಾಕ್ಕೆ ಬಂದರು. 1840ರ ದಶಕದ ಆರಂಭದಲ್ಲಿ ರಜೆಯ ಮೇಲೆ ಇಂಗ್ಲೆಂಡಿಗೆ ಹೋದಾಗ ಅಂದಿನ ಅಗ್ರ ಆಟಗಾರ ಹವರ್ಡ್ ಸ್ಟಾಂಟನ್ ಜತೆ ನೂರಾರು ಆಟಗಳನ್ನು ಆಡಿದರು. ಹೆಚ್ಚಿನವನ್ನು ಸೋತರೂ ಸ್ಟಾಂಟನ್ ಅಷ್ಟು ಬಾರಿ ಎದುರಿಸಲು ಒಪ್ಪಿದ ಎದುರಾಳಿ ಎಂಬುದೇ ಅವರ ಮಟ್ಟವನ್ನು ಹೇಳುತ್ತದೆ. ಮತ್ತೆ ಕಲ್ಕತ್ತಾಕ್ಕೆ ಮರಳಿದಾಗ ಅವರ ಸಮಕ್ಕೆ ಆಡುವವರು ಊರಿನಲ್ಲಿ ಯಾರೂ ಇರಲಿಲ್ಲ.

ಆಗ, 1848ರ ಹೊತ್ತಿಗೆ, ಕಲ್ಕತ್ತಾದ ಚದುರಂಗ ವಲಯದ ಒಬ್ಬರು ಮೊಫಸಿಲ್ ಪ್ರಯಾಣದಿಂದ ಒಂದು ಸುದ್ದಿ ತಂದರು. ಚದುರಂಗದಲ್ಲಿ ಯಾರಿಗೂ ಸೋಲದ ಬ್ರಾಹ್ಮಣನೊಬ್ಬ ಹಳ್ಳಿಗಾಡಿನಲ್ಲಿದ್ದಾನೆ ಎಂಬುದೇ ಆ ಸುದ್ದಿ. ಕಾಕ್ರೇನ್ ಕಾಯಲಿಲ್ಲ. ಮಹೇಶಚಂದ್ರರನ್ನು ಕಲ್ಕತ್ತಾಕ್ಕೆ ಕರೆತಂದರು. ಆಟಗಳು ಶುರುವಾದವು. ಸ್ಟಾಂಟನ್ ಆರಂಭಿಸಿದ್ದ ‘ಚೆಸ್ ಪ್ಲೇಯರ್ಸ್ ಕ್ರಾನಿಕಲ್’ ಪತ್ರಿಕೆಯಲ್ಲಿ 1850ರ ವೇಳೆಗೆ ಈ ‘ಬ್ರಾಹ್ಮಣ’ನ ಸುದ್ದಿ ಲಂಡನ್ ತಲುಪಿತ್ತು.

ಮಹೇಶಚಂದ್ರರ ಬಗ್ಗೆ ನಮಗೆ ಉಳಿದಿರುವುದೆಲ್ಲ ಇಂಗ್ಲಿಷಿನಲ್ಲಿ ಬರೆದವರ ಕಣ್ಣಿನಿಂದ ಬಂದದ್ದು. ಅವರ ಹೆಸರೂ ಅಷ್ಟೇ. ಮೊಹೆಶುಂದರ್, ಮೊಹಿಶುಂದರ್ ಎಂದು ಅಚ್ಚುಮೊಳೆ ಹೇಗೆ ಹೊರಳಿದರೆ ಹಾಗೆ. ಕಾಕ್ರೇನರ ಇನ್ನೊಬ್ಬ ಬಂಗಾಳಿ ಎದುರಾಳಿಯ ಹೆಸರು ‘ಸೌಮ್‌ಚರ್ನ್ ಗಟಕ್’ ಎಂದು ಮುದ್ರಣವಾಗಿದೆ. ಅದರ ಹಿಂದೆ ಇರುವ ಬಂಗಾಳಿ ಹೆಸರನ್ನು ನಾವೇ ಊಹಿಸಿಕೊಳ್ಳಬೇಕು. ಮಹೇಶಚಂದ್ರರು ಒಂದು ನಡೆಯನ್ನು ಏಕೆ ಆಡಿದರು ಎಂದು ತಾವೇ ಹೇಳಿದ ಒಂದು ಸಾಲೂ ನಮ್ಮ ಮುಂದಿಲ್ಲ. ಇರುವುದು ನಡೆಗಳು ಮಾತ್ರ.

ಅದೇ ಕಾಲದಲ್ಲಿ ಮೈಸೂರಿನಲ್ಲಿ ಇನ್ನೊಬ್ಬರು ಚದುರಂಗದ ಅರವತ್ತನಾಲ್ಕು ಮನೆಗಳಲ್ಲಿ ಮುಳುಗಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು. 1831ರಲ್ಲಿ ಆಡಳಿತವನ್ನು ಬ್ರಿಟಿಷರಿಗೆ ಒಪ್ಪಿಸಬೇಕಾಗಿ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆ ಪ್ರತಿ ಮನೆಯನ್ನೂ ಒಮ್ಮೆ ಮಾತ್ರ ಮೆಟ್ಟಿ ಇಡೀ ಮಣೆ ಸುತ್ತಿ ಬರುವ ಬಂಧಗಳನ್ನು ರಚಿಸಿದರು. ಅವರ ‘ಶ್ರೀತತ್ತ್ವನಿಧಿ’ಯ ‘ಕೌತುಕನಿಧಿ’ ಎಂಬ ಭಾಗ ಆಟಗಳಿಗೇ ಮೀಸಲು. ಅರಮನೆಯಲ್ಲಿ ಲಿಪಿಕಾರರಿದ್ದರು, ಚಿತ್ರಗಾರರಿದ್ದರು. ಹಾಗಾಗಿ ದೊರೆಯ ಆಟದ ಬುದ್ಧಿ ದೊರೆಯ ಹೆಸರಿನಲ್ಲೇ ನಮಗೆ ತಲುಪಿದೆ. ಬಂಗಾಳದ ಮೊಫಸಿಲಿನ ಆಟಗಾರರಿಗೆ ಅಂಥ ಅರಮನೆ ಇರಲಿಲ್ಲ. ಅವರ ಪಾಲಿಗೆ ಲಿಪಿಕಾರ, ಎದುರಾಳಿ ಎರಡೂ ಕಾಕ್ರೇನರೇ. ಕಾಕ್ರೇನರ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು: ಅವರು ತಾವು ಗೆದ್ದ ಆಟಗಳನ್ನಷ್ಟೇ ಬರೆದಿಡಲಿಲ್ಲ. ತಮ್ಮ ಸೋಲುಗಳನ್ನೂ ಬರೆದಿಟ್ಟರು.

ಒಂದೇ ಹೆಜ್ಜೆ ಇಡುವ ಕಾಲಾಳು

ಮಹೇಶಚಂದ್ರರು ಕಲಿತ ಚದುರಂಗ ಕಾಕ್ರೇನರು ಕಲಿತ ಚದುರಂಗವಲ್ಲ. ದೇಶೀಯ ಆಟದಲ್ಲಿ ನಿಯಮಗಳು ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಸ್ವಲ್ಪ ಬದಲಾಗುತ್ತಿದ್ದವು. ಆದರೆ ಕೆಲವು ಸಂಗತಿಗಳು ಬಹುಪಾಲು ಎಲ್ಲೆಡೆ ಒಂದೇ. ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಹೋಗಬೇಕು, ಎರಡು ಮನೆ ಹಾರುವಂತಿಲ್ಲ. ಯುರೋಪಿನ ಕ್ಯಾಸಲಿಂಗ್ ಇಲ್ಲ. ಅದರ ಬದಲು ರಾಜ ಆಟದಲ್ಲಿ ಒಮ್ಮೆ ಕುದುರೆಯಂತೆ ಜಿಗಿಯಬಹುದು. ಹೀಗಾಗಿ ಆಟದ ಆರಂಭ ನಿಧಾನ. ಕೈಗೆ ಕೈ ಹತ್ತುವ ಮೊದಲು ಎರಡೂ ಪಾಳೆಯಗಳು ಸಾವಕಾಶವಾಗಿ ಸಜ್ಜಾಗುತ್ತಿದ್ದವು.

ಯುರೋಪಿನ ಅಂದಿನ ಆಟ ಇದಕ್ಕೆ ತೀರ ವಿರುದ್ಧ. ಬಿಳಿಯ ಕಾಲಾಳು ಎರಡು ಮನೆ ನುಗ್ಗಿತೋ, ಕಪ್ಪಿನ ಕಾಲಾಳೂ ಎರಡು ಮನೆ ನುಗ್ಗಿ ಎದುರು ನಿಲ್ಲಬೇಕು. ಮಣೆಯ ನಡುಭಾಗವನ್ನು ಕಾಲಾಳುಗಳಿಂದ ಹಿಡಿಯದವನು ಆಟ ಅರಿಯದವನು ಎಂಬುದು ಆ ಕಾಲದ ನಂಬಿಕೆ. ಮಹೇಶಚಂದ್ರರು ಯುರೋಪಿನ ನಿಯಮಗಳನ್ನು ಒಪ್ಪಿಕೊಂಡರು, ನಂಬಿಕೆಯನ್ನು ಒಪ್ಪಿಕೊಳ್ಳಲಿಲ್ಲ. ರಾಜನ ಬದಿಯ ಕುದುರೆಯ ಮುಂದಿನ ಕಾಲಾಳನ್ನು ಒಂದೇ ಮನೆ ಮುಂದೆ ಸರಿಸಿ, ಆ ಸಂದಿನಲ್ಲಿ ಒಂಟೆಯನ್ನು ನಿಲ್ಲಿಸುತ್ತಿದ್ದರು. ಯುರೋಪಿಯನ್ನರು ಬಿಷಪ್ ಎನ್ನುವ ಕಾಯಿಗೆ ನಮ್ಮ ಕಡೆಯ ಹೆಸರು ಒಂಟೆ. ಆ ಮೂಲೆಯಿಂದ ಒಂಟೆ ಓರೆಯಾಗಿ ಇಡೀ ಮಣೆಯನ್ನು ನೋಡುತ್ತದೆ. ನಡುಭಾಗವನ್ನು ಬಿಳಿಗೆ ಬಿಟ್ಟುಕೊಟ್ಟಂತೆ ಕಾಣುತ್ತದೆ. ನಿಜವಾಗಿ ಅದು ದೂರದಿಂದ ಗುರಿಯಿಟ್ಟು ಕಾಯುವ ಉಪಾಯ.

ಒಂದೇ ಹೆಜ್ಜೆಯ ಕಾಲಾಳಿನ ಅಭ್ಯಾಸದಿಂದಲೇ ಈ ರೀತಿ ಬಂದಿತು ಎಂಬುದು ಚದುರಂಗದ ಚರಿತ್ರೆ ಬರೆದವರು ಸಾಮಾನ್ಯವಾಗಿ ಕೊಡುವ ವಿವರಣೆ. ಅದರಲ್ಲಿ ಹುರುಳಿದೆ. ಆದರೆ ಅಭ್ಯಾಸದಿಂದಷ್ಟೇ 1855ರ ಆಟ ಹುಟ್ಟುವುದಿಲ್ಲ. ಅಲ್ಲಿ ಮೂರನೆಯ ನಡೆಯಲ್ಲಿ ಮಹೇಶಚಂದ್ರರು ಆಡಿದ್ದು ಎರಡು ಮನೆಯ ನಡೆ. ದೇಶೀಯ ಆಟದಲ್ಲಿ ಅದು ಸಾಧ್ಯವೇ ಇರಲಿಲ್ಲ. ಹಳೆಯ ಆಟದ ಒಂಟೆಯನ್ನೂ ಹೊಸ ಆಟದ ಕಾಲಾಳನ್ನೂ ಒಬ್ಬ ಆಟಗಾರ ಕೂಡಿಸಿ ನೋಡಿದ ಪ್ರಯೋಗ ಅದು.

ಹದಿನೆಂಟು ನಡೆಗಳು

ಆ ಆಟ ಹೀಗೆ ನಡೆಯಿತು. ಕಾಕ್ರೇನ್ ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ಮುಂದಿಟ್ಟರು. ಮಹೇಶಚಂದ್ರರು ಕುದುರೆಯನ್ನು ಹೊರತಂದರು. ಕಾಕ್ರೇನ್ ಪಕ್ಕದ ಕಾಲಾಳನ್ನೂ ಎರಡು ಮನೆ ನಡೆಸಿದರು. ಮಹೇಶಚಂದ್ರರು ಒಂಟೆಗೆ ಸಂದು ಮಾಡಿದರು. ಬಿಳಿಯ ಕುದುರೆ ಹೊರಬಂತು. ಆಗ ಕಪ್ಪಿನ ಮಂತ್ರಿಯ ಮುಂದಿನ ಕಾಲಾಳು ಎರಡು ಮನೆ ಜಿಗಿದು ಬಿಳಿಯ ಎರಡು ಕಾಲಾಳುಗಳ ಬಾಯಿಗೇ ಬಂದು ನಿಂತಿತು.

ಈ ನಡೆಯ ತರ್ಕ ಸರಳ, ಆದರೆ ಧೈರ್ಯ ಬೇಡುವಂಥದ್ದು. ಬಿಳಿ ಕಾಲಾಳನ್ನು ಹೊಡೆದರೆ ಕಪ್ಪಿನ ಕುದುರೆ ಮರಳಿ ಹೊಡೆಯುತ್ತದೆ. ಮುಂದೆ ಬಿಳಿ ಬಯಸಿದರೆ ಮಣೆಯ ನಡುವೆ ದೊಡ್ಡ ಕೋಟೆಯನ್ನೇ ಕಟ್ಟಬಹುದು. ಕಪ್ಪು ಅದನ್ನು ತಡೆಯುವುದಿಲ್ಲ. ಕಟ್ಟಲಿ ಎಂದು ಬಿಟ್ಟು, ಮೂಲೆಯ ಒಂಟೆಯಿಂದಲೂ ಬದಿಯ ಕಾಲಾಳಿನಿಂದಲೂ ಆ ಕೋಟೆಯ ಬುಡಕ್ಕೆ ಏಟು ಹಾಕುತ್ತದೆ. ಏಟು ಬಿದ್ದರೆ ಕೋಟೆ ಕುಸಿಯುತ್ತದೆ. ಏಟು ಒಂದು ನಡೆ ತಡವಾದರೆ ಕಪ್ಪು ಆ ಕೋಟೆಯ ಅಡಿಯಲ್ಲೇ ಹೂತುಹೋಗುತ್ತದೆ. ಹರಿತವಾದ ರಕ್ಷಣೆ ಎಂದರೆ ಇದೇ. ಇಲ್ಲಿ ರಕ್ಷಿಸಿಕೊಳ್ಳುವವನು ಅಡಗಿ ಕೂರುವುದಿಲ್ಲ, ಗಂಡಾಂತರವನ್ನು ತಾನೇ ಬರಮಾಡಿಕೊಳ್ಳುತ್ತಾನೆ.

ಕಾಕ್ರೇನ್ ಅಂದು ದೊಡ್ಡ ಕೋಟೆ ಕಟ್ಟಲಿಲ್ಲ, ಎಚ್ಚರಿಕೆಯಿಂದ ಆಡಿದರು. ಮಹೇಶಚಂದ್ರರು ಕ್ಯಾಸಲ್ ಮಾಡಿ, ಕುದುರೆಗಳನ್ನು ಅದಲುಬದಲಾಗಿಸಿ, ಎಂಟನೆಯ ನಡೆಯಲ್ಲಿ ಬದಿಯ ಕಾಲಾಳಿನಿಂದ ನಡುಭಾಗಕ್ಕೆ ಏಟು ಹಾಕಿದರು. ಇಂದಿನ ಪುಸ್ತಕಗಳೂ ಕಪ್ಪಿಗೆ ಹೇಳಿಕೊಡುವುದು ಇದನ್ನೇ. ಹನ್ನೆರಡನೆಯ ನಡೆಯ ಹೊತ್ತಿಗೆ ಕಪ್ಪಿನ ಕಾಯಿಗಳೆಲ್ಲ ಸಲೀಸಾಗಿ ಹೊರಬಂದಿದ್ದವು. ಆರಂಭದಿಂದ ಅವರಿಗೆ ಯಾವ ತೊಂದರೆಯೂ ಆಗಿರಲಿಲ್ಲ.

ತೊಂದರೆ ಬಂದದ್ದು ನಂತರ. ಕಾಕ್ರೇನರ ಆನೆ ಕಪ್ಪಿನ ಮಂತ್ರಿಯನ್ನು ಬೆನ್ನಟ್ಟಿತು. ಮಂತ್ರಿ ಮೂರು ನಡೆ ಅಲೆದು ಹೊರಟ ಮನೆಗೇ ಮರಳಿತು. ಹದಿನೇಳನೆಯ ನಡೆಯಲ್ಲಿ ಕಾಕ್ರೇನ್ ತಮ್ಮ ಒಂಟೆಯನ್ನು ಹೊಡೆಯಲು ಬಿಟ್ಟು ಕುದುರೆಯನ್ನು ಕಪ್ಪು ರಾಜನ ಹತ್ತಿರ ತಂದರು. ಮಹೇಶಚಂದ್ರರು ಒಂಟೆಯನ್ನು ಹೊಡೆದರು. ಬಿಳಿಯ ಕುದುರೆ ರಾಜನ ಪಕ್ಕದ ಕಾಲಾಳನ್ನು ಹೊಡೆದು ಕಪ್ಪಿನ ಮಂತ್ರಿಯ ಮೇಲೆ ಕಣ್ಣಿಟ್ಟಿತು. ದೂರದಿಂದ ಬಿಳಿಯ ಮಂತ್ರಿ ಕಾವಲಿದ್ದುದರಿಂದ ರಾಜ ಆ ಕುದುರೆಯನ್ನು ಮುಟ್ಟುವಂತಿರಲಿಲ್ಲ. ಮಹೇಶಚಂದ್ರರು ಪ್ರತಿಯಾಗಿ ತಮ್ಮ ಕುದುರೆಯಿಂದ ಬಿಳಿಯ ಮಂತ್ರಿಗೆ ಗುರಿಯಿಟ್ಟರು. ಮಂತ್ರಿಗೆ ಮಂತ್ರಿ ಎಂಬ ಲೆಕ್ಕ.

ಆ ಲೆಕ್ಕದಲ್ಲಿ ರಾಜ ಬಿಟ್ಟುಹೋಗಿದ್ದ. ಬಿಳಿಯ ಕುದುರೆ ಪಕ್ಕಕ್ಕೆ ಜಿಗಿದರೆ ಕುದುರೆಯೂ ಅದರ ಹಿಂದಿನ ಮಂತ್ರಿಯೂ ಒಟ್ಟಿಗೆ ಶಹ ಕೊಡುತ್ತವೆ. ರಾಜ ಮೂಲೆಗೆ ಸರಿಯುತ್ತಾನೆ. ಬಿಳಿಯ ಮಂತ್ರಿ ರಾಜನ ಪಕ್ಕದ ಮನೆಗೇ ನುಗ್ಗಿ ಬಲಿಯಾಗುತ್ತದೆ. ಅದನ್ನು ಹೊಡೆದ ಆನೆ ತನ್ನ ರಾಜನ ಕೊನೆಯ ಕಿಂಡಿಯನ್ನೂ ಮುಚ್ಚುತ್ತದೆ. ಕುದುರೆ ಮತ್ತೆ ಹಿಂದಿನ ಮನೆಗೆ ಜಿಗಿದಾಗ ರಾಜ ತನ್ನವರ ನಡುವೆಯೇ ಉಸಿರುಗಟ್ಟಿ ಸಾಯುತ್ತಾನೆ. ದಾಖಲೆ ಹದಿನೆಂಟನೆಯ ನಡೆಗೆ ನಿಂತು, ಬಿಳಿಗೆ ಮೂರು ನಡೆಗಳಲ್ಲಿ ಗೆಲುವು ಎಂದು ಹೇಳಿ ಮುಗಿಯುತ್ತದೆ.

ಸೋಲು ಆರಂಭದ ನಡೆಗಳದಲ್ಲ, ಒಂದು ಗಳಿಗೆಯ ಮರೆವಿನದು. ಆದರೆ ಹದಿನೆಂಟೇ ನಡೆಗಳಲ್ಲಿ ಬಿದ್ದ ಆಟದ ಮೂರನೆಯ ನಡೆಯಲ್ಲಿ ಹೊಸ ದಾರಿ ಇದೆ ಎಂದು ನೋಡುವ ವ್ಯವಧಾನ ಆ ಕಾಲದಲ್ಲಿ ಯಾರಿಗೂ ಇರಲಿಲ್ಲ.

ಹೆಸರು ಯಾರಿಗೆ

ಇದೇ ಇಬ್ಬರ ನಡುವೆ 1848ರಲ್ಲಿ ನಡೆದ ಇನ್ನೊಂದು ಆಟವಿದೆ. ಅದರಲ್ಲಿ ಕಾಕ್ರೇನ್ ನಾಲ್ಕನೆಯ ನಡೆಯಲ್ಲೇ ಒಂದು ಕುದುರೆಯನ್ನು ಕಾಲಾಳುಗಳಿಗಾಗಿ ಬಲಿಕೊಟ್ಟು ಎದುರಾಳಿಯ ರಾಜನನ್ನು ಬಯಲಿಗೆಳೆದರು. ಆ ಬಲಿಗೆ ಇಂದಿಗೂ ಜಗತ್ತಿನಾದ್ಯಂತ ‘ಕಾಕ್ರೇನ್ ಗ್ಯಾಂಬಿಟ್’ ಎಂದೇ ಹೆಸರು. ಒಂದೇ ಊರು, ಒಂದೇ ಜೋಡಿ. ಬ್ಯಾರಿಸ್ಟರರ ಹೊಸ ನಡೆಗೆ ಬ್ಯಾರಿಸ್ಟರರ ಹೆಸರು ಸಿಕ್ಕಿತು. ಬಂಗಾಳಿಯ ಹೊಸ ನಡೆಗಳಿಗೆ ಸಿಕ್ಕಿದ್ದು ದೇಶದ ಹೆಸರು. ‘ಇಂಡಿಯನ್ ಡಿಫೆನ್ಸ್’ ಎಂಬ ಮಾತು 1884ರಲ್ಲೇ ಮುದ್ರಣದಲ್ಲಿ ಕಾಣಿಸಿಕೊಂಡಿತ್ತು. ಮಹೇಶಚಂದ್ರರು ಕಾಕ್ರೇನರ ವಿರುದ್ಧ ಆಡುತ್ತಿದ್ದ ರೀತಿಗೇ ಆ ಹೆಸರು ಕೊಟ್ಟಿದ್ದರು.

1920ರ ದಶಕದಲ್ಲಿ ಯುರೋಪಿನ ಹೊಸ ತಲೆಮಾರು ಹಳೆಯ ನಂಬಿಕೆಯನ್ನು ಪ್ರಶ್ನಿಸಿತು. ನಡುಭಾಗವನ್ನು ಕಾಲಾಳುಗಳಿಂದ ತುಂಬಬೇಕಿಲ್ಲ, ದೂರದಿಂದ ಕಾಯಿಗಳ ಬಲದಿಂದ ಹತೋಟಿಯಲ್ಲಿಟ್ಟರೆ ಸಾಕು ಎಂದು ನಿಮ್ಜೊವಿಚ್, ರೇಟಿ ಮೊದಲಾದವರು ಸಾಧಿಸಿ ತೋರಿಸಿದರು. ಈ ಹಾದಿಯ ಆರಂಭಗಳಿಗೆಲ್ಲ ‘ಇಂಡಿಯನ್’ ಎಂಬ ಹೆಸರು ಅಂಟಿತು. ಕಿಂಗ್ಸ್ ಇಂಡಿಯನ್, ಕ್ವೀನ್ಸ್ ಇಂಡಿಯನ್, ನಿಮ್ಜೊ ಇಂಡಿಯನ್ ಬಂದವು. 1922ರಲ್ಲಿ ವಿಯೆನ್ನಾದ ಅರ್ನ್ಸ್ಟ್ ಗ್ರೂನ್‌ಫೆಲ್ಡ್ ಪಿಸ್ಟ್ಯಾನ್ ಪಂದ್ಯಾವಳಿಯಲ್ಲಿ ಸೇಮಿಶ್ ವಿರುದ್ಧ ಮೂರನೆಯ ನಡೆಯ ಆ ಜಿಗಿತವನ್ನು ಆಡಿದರು. ಅದೇ ವರ್ಷ ವಿಯೆನ್ನಾದಲ್ಲಿ ಅದೇ ರಕ್ಷಣೆಯಿಂದ ಅಲೆಖಿನ್ ಅವರನ್ನು ಸೋಲಿಸಿದರು. ಐದು ವರ್ಷಗಳ ನಂತರ ವಿಶ್ವ ಚಾಂಪಿಯನ್ ಆಗಲಿದ್ದ ಆಟಗಾರ ಅಲೆಖಿನ್. ಅಂಥವರನ್ನು ಮಣಿಸಿದ ಆರಂಭಕ್ಕೆ ಮಣಿಸಿದವರ ಹೆಸರು ಬಂದದ್ದು ಸಹಜವೇ.

ಗ್ರೂನ್‌ಫೆಲ್ಡ್ ಯಾರಿಂದಲೂ ಕದ್ದವರಲ್ಲ. ಅವರು ಆ ನಡೆಯನ್ನು ಪಂದ್ಯಾವಳಿಯಲ್ಲಿ ಮತ್ತೆ ಮತ್ತೆ ಆಡಿ, ಶೋಧಿಸಿ, ಗೆದ್ದು ತೋರಿಸಿದರು. ಒಂದು ಆಟವನ್ನು ರಕ್ಷಣಾ ಪದ್ಧತಿಯಾಗಿ ಬೆಳೆಸುವುದು ಸಣ್ಣ ಕೆಲಸವಲ್ಲ. ಪ್ರಶ್ನೆ ಬೇರೆಯದು. ಒಂದು ಇಡೀ ಕುಟುಂಬದ ಆರಂಭಗಳಿಗೆ ‘ಇಂಡಿಯನ್’ ಎಂದು ಹೆಸರಿಟ್ಟವರಿಗೆ ಅದರ ಹಿಂದೆ ಒಬ್ಬ ವ್ಯಕ್ತಿ ಇದ್ದ ಎಂಬುದು ಅಷ್ಟು ಮುಖ್ಯವಾಗಲಿಲ್ಲ. ಯುರೋಪಿನವರ ಹೊಸ ಆಲೋಚನೆ ಒಬ್ಬೊಬ್ಬರ ಬುದ್ಧಿಯ ಫಲವಾಯಿತು. ಭಾರತೀಯನ ಹೊಸ ಆಲೋಚನೆ ಅವನ ನಾಡಿನ ಅಭ್ಯಾಸವಾಯಿತು.

ದೆಹಲಿಯಿಂದ ಹೇಸ್ಟಿಂಗ್ಸ್‌ಗೆ

ಮಹೇಶಚಂದ್ರರಿಗೆ ಸಿಗದ ಅವಕಾಶವೊಂದು ಎಪ್ಪತ್ತು ವರ್ಷಗಳ ನಂತರ ಇನ್ನೊಬ್ಬರಿಗೆ ಸಿಕ್ಕಿತು. ಅವರು ಪಂಜಾಬಿನ ಮೀರ್ ಸುಲ್ತಾನ್ ಖಾನ್. ಅವರೂ ದೇಶೀಯ ನಿಯಮಗಳಲ್ಲೇ ಆಟ ಕಲಿತವರು. ಜಮೀನ್ದಾರ ಸರ್ ಉಮರ್ ಹಯಾತ್ ಖಾನ್ ಅವರ ಆಶ್ರಯದಲ್ಲಿ ಯುರೋಪಿನ ನಿಯಮಗಳನ್ನು ರೂಢಿಸಿಕೊಂಡು, 1928ರಲ್ಲಿ ದೆಹಲಿಯಲ್ಲಿ ನಡೆದ ಅಖಿಲ ಭಾರತ ಚಾಂಪಿಯನ್‌ಷಿಪ್ ಗೆದ್ದರು. ಎಂಟು ಗೆಲುವು, ಒಂದು ಡ್ರಾ, ಸೋಲು ಇಲ್ಲ. ಮುಂದಿನ ವರ್ಷ ಲಂಡನ್ನಿಗೆ ಹೋಗಿ ಬ್ರಿಟಿಷ್ ಚಾಂಪಿಯನ್ ಆದರು. 1932 ಮತ್ತು 1933ರಲ್ಲಿ ಮತ್ತೆ ಆ ಪಟ್ಟ ಗೆದ್ದರು.

1930-31ರ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಅವರು ಕ್ಯೂಬಾದ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಅವರನ್ನು 65 ನಡೆಗಳಲ್ಲಿ ಸೋಲಿಸಿದರು. ಅಂದು ಕಪ್ಪು ಕಾಯಿಗಳಿಂದ ಕಾಪಾಬ್ಲಾಂಕಾ ಆಡಿದ್ದು ‘ಕ್ವೀನ್ಸ್ ಇಂಡಿಯನ್’. ಇಂಡಿಯನ್ ರಕ್ಷಣೆಯನ್ನು ಕ್ಯೂಬಾದವರು ಆಡಿದರು, ಅದನ್ನು ಮುರಿದವರು ಭಾರತದವರು. ಮಹೇಶಚಂದ್ರರಿಗೂ ಸುಲ್ತಾನ್ ಖಾನರಿಗೂ ಪ್ರತಿಭೆಯಲ್ಲಿ ಎಷ್ಟು ಅಂತರವಿತ್ತು ಎಂದು ಅಳೆಯಲಾಗದು. ಅವಕಾಶದಲ್ಲಿದ್ದ ಅಂತರ ಮಾತ್ರ ಕಣ್ಣಿಗೆ ಕಾಣುತ್ತದೆ. ಒಬ್ಬರಿಗೆ ಒಂದು ಊರು, ಬಹುಪಾಲು ಒಬ್ಬನೇ ಎದುರಾಳಿ. ಇನ್ನೊಬ್ಬರಿಗೆ ನಾಲ್ಕೂವರೆ ವರ್ಷ ಯುರೋಪಿನ ಪಂದ್ಯಾವಳಿಗಳು, ಫಲಿತಾಂಶ ಪಟ್ಟಿಗಳು, ಪತ್ರಿಕೆಗಳು. ಆ ಅವಕಾಶವೂ ಯಜಮಾನರ ಜತೆಗೇ ಬಂದು, ಯಜಮಾನರ ಜತೆಗೇ ಮುಗಿಯಿತು. 1933ರ ಕೊನೆಗೆ ಸುಲ್ತಾನ್ ಖಾನ್ ಊರಿಗೆ ಮರಳಿದರು, ಮತ್ತೆ ಯುರೋಪಿನಲ್ಲಿ ಆಡಲಿಲ್ಲ. 1966ರಲ್ಲಿ ತೀರಿಕೊಂಡ ಅವರಿಗೆ ಅಂತರರಾಷ್ಟ್ರೀಯ ಚದುರಂಗ ಸಂಸ್ಥೆ ಫಿಡೆ ಗೌರವ ಗ್ರ್ಯಾಂಡ್‌ಮಾಸ್ಟರ್ ಬಿರುದು ಕೊಟ್ಟಿದ್ದು 2024ರಲ್ಲಿ.

ಮತ್ತೆ ಅದೇ ಮೂರನೆಯ ನಡೆ

ಗ್ರೂನ್‌ಫೆಲ್ಡ್ ರಕ್ಷಣೆ ಮುಂದೆ ತನ್ನದೇ ದಾರಿ ಹಿಡಿಯಿತು. 1956ರ ಅಕ್ಟೋಬರ್ 17ರಂದು ನ್ಯೂಯಾರ್ಕಿನಲ್ಲಿ ಹದಿಮೂರರ ಹುಡುಗ ಬಾಬ್ಬಿ ಫಿಷರ್ ಇದೇ ರಕ್ಷಣೆ ಆಡಿ, ಹದಿನೇಳನೆಯ ನಡೆಯಲ್ಲಿ ಮಂತ್ರಿಯನ್ನೇ ಬಿಟ್ಟುಕೊಟ್ಟು ಡೊನಾಲ್ಡ್ ಬರ್ನ್ ಅವರನ್ನು ಸೋಲಿಸಿದ. ಅದು ‘ಶತಮಾನದ ಆಟ’ ಎಂದು ಹೆಸರಾಯಿತು. ಮಹೇಶಚಂದ್ರರು ಎದುರಾಳಿಯ ಮಂತ್ರಿಯ ಮೇಲೆ ಕಣ್ಣಿಟ್ಟು ಸೋತ ರಕ್ಷಣೆಯಲ್ಲಿ, ತನ್ನ ಮಂತ್ರಿಯನ್ನೇ ತೊರೆದು ಗೆದ್ದ ಹುಡುಗ.

ಭಾರತೀಯನೊಬ್ಬ ಇದನ್ನು ವಿಶ್ವ ಕಿರೀಟದ ಪಂದ್ಯದಲ್ಲಿ ಕಪ್ಪು ಕಾಯಿಗಳಿಂದ ಆಡಿದ್ದು 2010ರಲ್ಲಿ, ಬಲ್ಗೇರಿಯಾದ ಸೋಫಿಯಾದಲ್ಲಿ. ಹತ್ತು ವರ್ಷಗಳ ಹಿಂದೆ ನವದೆಹಲಿಯಲ್ಲಿ ಆರಂಭವಾಗಿ ಟೆಹರಾನ್‌ನಲ್ಲಿ ಮುಗಿದ ಫಿಡೆ ಚಾಂಪಿಯನ್‌ಷಿಪ್‌ನಲ್ಲಿ ವಿಶ್ವನಾಥನ್ ಆನಂದ್ ಮೊದಲ ಬಾರಿ ವಿಶ್ವ ಚಾಂಪಿಯನ್ ಆಗಿದ್ದರು. ಈಗ ವೆಸೆಲಿನ್ ಟೊಪಾಲೊವ್ ವಿರುದ್ಧ ಪಟ್ಟ ಉಳಿಸಿಕೊಳ್ಳಬೇಕಿತ್ತು. ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬೂದಿಯಿಂದ ವಿಮಾನಗಳು ನಿಂತುಹೋಗಿದ್ದವು. ಆನಂದ್ ಫ್ರಾಂಕ್‌ಫರ್ಟಿನಿಂದ ರಸ್ತೆಯಲ್ಲಿ ಸುಮಾರು ನಲವತ್ತು ಗಂಟೆ ಪ್ರಯಾಣಿಸಿ ಸೋಫಿಯಾ ತಲುಪಿದರು. ಏಪ್ರಿಲ್ 24ರ ಮೊದಲ ಆಟದಲ್ಲಿ ಅವರು ಗ್ರೂನ್‌ಫೆಲ್ಡ್ ಆರಿಸಿಕೊಂಡರು. ಮೊದಲೇ ಸಿದ್ಧಪಡಿಸಿಕೊಂಡಿದ್ದ ನಡೆಗಳ ಕ್ರಮ ನೆನಪಿನಲ್ಲಿ ತಪ್ಪಿತು. ಇಪ್ಪತ್ತಮೂರನೆಯ ನಡೆಯಲ್ಲಿ ರಾಜನನ್ನು ಸರಿಸಿದರು. ಟೊಪಾಲೊವ್ ಕುದುರೆಯನ್ನು ಬಲಿಕೊಟ್ಟು ಮೂವತ್ತು ನಡೆಗಳಲ್ಲಿ ಗೆದ್ದರು. ಕಲ್ಕತ್ತಾದಲ್ಲಿ ಆದಂತೆಯೇ ಆರಂಭ ಚೆನ್ನಾಗಿಯೇ ಇತ್ತು, ಒಂದು ನಡೆ ತಪ್ಪಿತು, ಕುದುರೆ ಕೋಟೆಗೆ ನುಗ್ಗಿತು.

ಎರಡು ಸೋಲುಗಳ ನಡುವಿನ ವ್ಯತ್ಯಾಸ ಅನಂತರದ ದಿನಗಳಲ್ಲಿದೆ. ಆನಂದ್ ಮರುದಿನವೇ ಗೆದ್ದು ಸಮ ಮಾಡಿದರು. ಹತ್ತನೆಯ ಆಟದಲ್ಲಿ ಮತ್ತೆ ಗ್ರೂನ್‌ಫೆಲ್ಡ್ ಆಡಿ ಡ್ರಾ ಮಾಡಿಕೊಂಡರು. ಮೇ 11ರಂದು ಹನ್ನೆರಡನೆಯ ಆಟವನ್ನು ಕಪ್ಪು ಕಾಯಿಗಳಿಂದ ಗೆದ್ದು 6.5-5.5ರಿಂದ ಪಟ್ಟ ಉಳಿಸಿಕೊಂಡರು. ಮೊದಲ ಆಟದ ಸೋಲಿಗೆ ಕಾರಣವೇನೆಂದು ಅವರೇ ವಿವರಿಸಿದ್ದಾರೆ, ಅವರ ಮಾತಿನಲ್ಲೇ ಅದು ಅಚ್ಚಾಗಿದೆ. ಆ ಸೋಲು ಅವರ ಚರಿತ್ರೆಯ ಒಂದು ಪುಟ ಮಾತ್ರ, ಇಡೀ ಚರಿತ್ರೆಯಲ್ಲ.

ಮಹೇಶಚಂದ್ರರ ವಿಷಯದಲ್ಲಿ ಹಾಗಾಗಲಿಲ್ಲ. 1869ರಲ್ಲಿ ಕಾಕ್ರೇನ್ ಭಾರತ ಬಿಟ್ಟು ಹೋದರು. 1878ರಲ್ಲಿ ತೀರಿಕೊಂಡರು. ಅವರ ಜತೆಗೆ ಮಹೇಶಚಂದ್ರರ ಲಿಪಿಕಾರರೂ ಹೋದಂತಾಯಿತು. ಇಂದು ಯಾವುದೇ ಚದುರಂಗ ದತ್ತಸಂಚಯದಲ್ಲಿ ಗ್ರೂನ್‌ಫೆಲ್ಡ್ ರಕ್ಷಣೆಯ ಆಟಗಳನ್ನು ವರ್ಷದ ಕ್ರಮದಲ್ಲಿ ಜೋಡಿಸಿದರೆ ಸಾವಿರಾರು ಗ್ರ್ಯಾಂಡ್‌ಮಾಸ್ಟರುಗಳ ಆಟಗಳಿಗಿಂತ ಮೇಲೆ, ಕಲ್ಕತ್ತಾ 1855 ಎಂಬ ಸಾಲಿನಲ್ಲಿ, ತಪ್ಪು ಕಾಗುಣಿತದ ಒಂದು ಬಂಗಾಳಿ ಹೆಸರು ಇರುತ್ತದೆ. ಅದರ ಮುಂದಿನ ಅಂಕಣದಲ್ಲಿ ಫಲಿತಾಂಶ: ಬಿಳಿ 1, ಕಪ್ಪು 0.